ಮಸೆಯಲಿಕ್ಕೆಂದೇ ಹುಟ್ಟಿದ ಚಾಕು: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ನಿನ್ನ ಪ್ರಶ್ನೆ ಓದಿದೆ. ‘ಜಪಾನಿನ ಒಂದು ಚಾಕುವಿಗೆ 20 ಸಾವಿರ ಯೆನ್ ಕೊಡುತ್ತಾರೆ ಅಂದರೆ ಅದರಲ್ಲಿ ಅಂಥದ್ದೇನಿದೆ ಮಾರಾಯ?’ ಅಂತ ಕೇಳಿದ್ದೀಯ. ಫೋನಿನಲ್ಲಿ ಎರಡು ಸಾಲು ಬರೆದು ಮುಗಿಸುವ ವಿಷಯ ಇದಲ್ಲ. ಅದಕ್ಕೇ ಈ ಪತ್ರ. ಅಡುಗೆಯ ಹುಚ್ಚಿರುವ ನಮ್ಮ ಉಳಿದ ಗೆಳೆಯರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ತಂದ ಯಾವ ಚಾಕು ಬೇಕಾದರೂ ಒಂದಷ್ಟು ದಿನ ಟೊಮೆಟೊ ಚೆನ್ನಾಗಿ ಹೆಚ್ಚುತ್ತದೆ. ಪ್ರಶ್ನೆ ಇರುವುದು ಅದು ಮೊಂಡಾದ ಮೇಲೆ. ಜಪಾನಿನ ಕೈಕೆಲಸದ ಚಾಕುವನ್ನು ಮಸೆದು ಮಸೆದು ಬಳಸಲಿ ಅಂತಲೇ ಮಾಡಿರುತ್ತಾರೆ. ಅದರ ಉಕ್ಕು, ಅದರ ಹಿಂಬದಿ, ಕೊನೆಗೆ ಮರದ ಹಿಡಿ ಕೂಡ ಸಾಣೆಕಲ್ಲನ್ನು ಲೆಕ್ಕಕ್ಕೆ ಹಿಡಿದೇ ಆಗಿರುವಂಥವು. ನೀನು ದುಡ್ಡು ಕೊಡುವುದು ಅದಕ್ಕೆ.

ಒಸಾಕಾದ ದಕ್ಷಿಣಕ್ಕೆ ಅಂಟಿಕೊಂಡಂತೆ ಸಕಾಯಿ ಅಂತ ಊರಿದೆ. ಹಂಕಾಯ್ ಅನ್ನುವ ಹಳೇ ಟ್ರಾಮ್ ಊರಿನ ನಡುವೆಯೇ ಹೋಗುತ್ತದೆ. ಅದರ ಅಕ್ಕಪಕ್ಕದ ಗಲ್ಲಿಗಳಲ್ಲಿ ಇವತ್ತಿಗೂ ಕಮ್ಮಾರರಿದ್ದಾರೆ. ಜಪಾನಿನ ವೃತ್ತಿಪರ ಬಾಣಸಿಗರು ಮೀನಿಗೆ ಹಿಡಿಯುವ ಚಾಕುಗಳಲ್ಲಿ ಬಹುಪಾಲು ಇಲ್ಲಿಯವೇ. ಅಂಗಡಿಗಳಲ್ಲಿ ಸಮುರಾಯ್ ಕತ್ತಿಯ ಕಥೆ ಜಾಸ್ತಿ ಹೇಳುತ್ತಾರೆ. ನನಗೆ ಮಾತ್ರ ತಂಬಾಕಿನ ಕಥೆಯೇ ಇಷ್ಟ. 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ತಂಬಾಕು ಬಂತು. ಅದರ ಎಲೆಯನ್ನು ಎಳೆ ಎಳೆಯಾಗಿ ಕೊಯ್ಯಲು ಒಳ್ಳೆಯ ಚಾಕು ಬೇಕಾಯಿತು. ಸಕಾಯಿಯ ಕಮ್ಮಾರರು ಮಾಡಿದ ಚಾಕು ಎಷ್ಟು ಹೆಸರು ಮಾಡಿತೆಂದರೆ, ಆಗ ಜಪಾನನ್ನು ಆಳುತ್ತಿದ್ದ ತೊಕುಗಾವಾ ಶೋಗುನರ, ಅಂದರೆ ಸೇನಾಧಿಪತಿಗಳ, ಸರ್ಕಾರ ಅದಕ್ಕೆ ‘ಸಕಾಯಿ ಕಿವಾಮೆ’ ಅನ್ನುವ ಮುದ್ರೆ ಹಾಕಿ ಮಾರಲು ಒಪ್ಪಿಗೆ ಕೊಟ್ಟಿತು. ಅಡುಗೆಮನೆಯ ಚಾಕು ಆ ಕೈಗಳಿಂದಲೇ ಬೆಳೆದದ್ದು. ಅಂದ ಹಾಗೆ, ನಿನ್ನ ಸೈಕಲ್ಲಿನ ಗೇರ್ ಮಾಡುವ ಶಿಮಾನೊ ಕಂಪನಿ 1921ರಲ್ಲಿ ಶುರುವಾದದ್ದೂ ಇದೇ ಸಕಾಯಿಯಲ್ಲಿ. ಲೋಹದ ಕೆಲಸ ಆ ಊರಿನ ನೀರಲ್ಲೇ ಇದೆ.

ಇಲ್ಲಿ ಒಬ್ಬನೇ ಕೂತು ಇಡೀ ಚಾಕು ಮಾಡುವುದಿಲ್ಲ. ಬಡಿಯುವವನು ಬೇರೆ, ಸಾಣೆ ಹಿಡಿಯುವವನು ಬೇರೆ, ಹಿಡಿ ಕೂರಿಸುವವನು ಬೇರೆ. ಕಮ್ಮಾರ ಮೂವತ್ತು ನಲವತ್ತು ವರ್ಷ ಬರೀ ಬಡಿಯುತ್ತಾನೆ. ಅವನ ಕೈಯಿಂದ ಹೊರಟ ಅಲಗು ಕಪ್ಪಗೆ, ಮೊಂಡಾಗಿ, ನೋಡಲು ಏನೂ ಅಲ್ಲದ ಹಾಗಿರುತ್ತದೆ. ಚಾಕುವಿನ ಮೇಲೆ ಕೆತ್ತಿದ ಹೆಸರು ಎಷ್ಟೋ ಸಲ ಇವರ್‍ಯಾರದ್ದೂ ಆಗಿರುವುದಿಲ್ಲ, ಮಾರುವ ಸಗಟು ವ್ಯಾಪಾರಿಯದ್ದು. ಇದು ನನಗೆ ಸರಿಯೆನಿಸುವುದಿಲ್ಲ. ಬಡಿದವನ ಹೆಸರೂ ಮಸೆದವನ ಹೆಸರೂ ಅಲಗಿನ ಮೇಲೆ ಇರಬೇಕಿತ್ತು. ಈಗೀಗ ಕೆಲವು ಅಂಗಡಿಗಳು ಕೇಳಿದರೆ ಇಬ್ಬರ ಹೆಸರನ್ನೂ ಹೇಳುತ್ತವೆ. ಕೇಳಿಯೇ ಕೊಳ್ಳಬೇಕು.

ಕುಲುಮೆಯ ಹತ್ತಿರ ನಿಂತು ನೋಡಿದ್ದನ್ನು ಹೇಳುತ್ತೇನೆ. ಮೊದಲು ಮೆದು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸುತ್ತಾರೆ. ಅದರ ಮೇಲೆ ಬಿಳಿಗಾರ ಮತ್ತು ಕಬ್ಬಿಣದ ಪುಡಿ ಉದುರಿಸಿ, ಒಂದು ಸಣ್ಣ ಉಕ್ಕಿನ ತುಂಡನ್ನು ಇಟ್ಟು ಮತ್ತೆ ಬೆಂಕಿಗೆ ಹಾಕುತ್ತಾರೆ. ಹೊರಗೆ ತೆಗೆದು ಸುತ್ತಿಗೆಯ ಕೆಳಗಿಟ್ಟರೆ ಕಿಡಿ ನಾಲ್ಕೂ ಕಡೆ ಹಾರುತ್ತದೆ, ಎರಡೂ ಒಂದಾಗುತ್ತವೆ. ಕತ್ತರಿಸುವ ಅಂಚಿಗೆ ಬರುವುದು ಆ ಗಟ್ಟಿ ಉಕ್ಕು ಮಾತ್ರ. ಮೇಲಿನ ಹೆಚ್ಚಿನ ಭಾಗ ಕಬ್ಬಿಣ. ಬರೀ ಉಕ್ಕು ಉಳಿಸಲು ಹೀಗೆ ಮಾಡುತ್ತಾರೆ ಅಂದುಕೊಳ್ಳಬೇಡ. ಇಡೀ ಅಲಗು ಗಟ್ಟಿ ಉಕ್ಕಾದರೆ ಕಲ್ಲಿನ ಮೇಲೆ ಸವೆಯುವುದು ಬಲು ನಿಧಾನ, ಮಸೆಯುವವನ ಕೈ ಸೋಲುತ್ತದೆ. ಕಬ್ಬಿಣ ಬೇಗ ಸವೆದು ದಾರಿ ಬಿಡುತ್ತದೆ, ಉಕ್ಕು ಅಂಚನ್ನು ಹಿಡಿದುಕೊಳ್ಳುತ್ತದೆ.

ಉಕ್ಕು ಬರುವುದು ಹೆಚ್ಚಾಗಿ ಶಿಮಾನೆ ಪ್ರಾಂತ್ಯದ ಯಸುಗಿಯಿಂದ. ಬಿಳಿ ಕಾಗದ, ನೀಲಿ ಕಾಗದ ಅಂತ ಕರೆಯುತ್ತಾರೆ. ಸುತ್ತಿ ಬರುವ ಕಾಗದದ ಬಣ್ಣವೇ ಅದರ ಹೆಸರು. ಬಿಳಿಯದು ಹೆಚ್ಚುಕಮ್ಮಿ ಶುದ್ಧ ಕಬ್ಬಿಣ ಮತ್ತು ಇಂಗಾಲ. ಎರಡನೇ ನಂಬರಿನ ಬಿಳಿ ಉಕ್ಕಿನಲ್ಲಿ ಇಂಗಾಲ ಶೇ. 1.1ರ ಆಸುಪಾಸು. ನೀಲಿಗೆ ಕ್ರೋಮಿಯಂ, ಟಂಗ್‌ಸ್ಟನ್ ಸೇರಿಸಿರುತ್ತಾರೆ. ಅದರ ಹರಿತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಮಸೆಯುವುದು ಸ್ವಲ್ಪ ನಿಧಾನ. ನನ್ನ ಓಟು ಬಿಳಿಗೆ. ಕಲ್ಲಿಗೆ ಇಟ್ಟ ಕೂಡಲೇ ಮಾತು ಕೇಳುತ್ತದೆ.

ಹದ ಕೊಡುವ ಹೊತ್ತಿಗೆ ದೀಪ ಆರಿಸಿಬಿಡುತ್ತಾರೆ. ಕಾದ ಅಲಗಿನ ಬಣ್ಣ ಕಣ್ಣಿಗೆ ಸರಿಯಾಗಿ ಕಾಣಬೇಕಲ್ಲ, ಅದಕ್ಕೆ. ಅಲಗಿಗೆ ಮೊದಲೇ ತೆಳ್ಳಗೆ ಮಣ್ಣು ಬಳಿದು ಒಣಗಿಸಿರುತ್ತಾರೆ. ಸುಮಾರು 800 ಡಿಗ್ರಿಗೆ ಬಂದಾಗ ನೀರಿಗೆ ಅದ್ದುತ್ತಾರೆ. ಮಣ್ಣಿಲ್ಲದಿದ್ದರೆ ಆವಿಯ ಗುಳ್ಳೆಗಳು ಅಲ್ಲಲ್ಲಿ ಅಂಟಿಕೊಂಡು ಅಲಗು ಒಂದೇ ಸಮ ತಣಿಯುವುದಿಲ್ಲ. ಬೆಂಕಿ ಸ್ವಲ್ಪ ಜಾಸ್ತಿಯಾದರೂ ಉಕ್ಕಿನ ಕಣ ದಪ್ಪವಾಗಿ, ಮುಂದೆ ಅಂಚು ಚಕ್ಕೆ ಏಳುತ್ತದೆ. ನೀರಿಂದ ತೆಗೆದ ಅಲಗು ಗಾಜಿನಷ್ಟು ಪೆಡಸು. ಮತ್ತೆ ಹದವಾಗಿ ಕಾಯಿಸಿ ಆ ಪೆಡಸನ್ನು ಸ್ವಲ್ಪ ಇಳಿಸಬೇಕು. ಎಷ್ಟು ಕಾದಿದೆ ಅಂತ ನೋಡುವುದು ಹೇಗೆ ಗೊತ್ತಾ? ಅಲಗಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ಹನಿ ಹೇಗೆ ಓಡುತ್ತದೆ, ಎಷ್ಟು ಹೊತ್ತಿಗೆ ಆರುತ್ತದೆ ಅನ್ನುವುದರಲ್ಲೇ ಕಮ್ಮಾರನಿಗೆ ಎಲ್ಲ ತಿಳಿಯುತ್ತದೆ.

ಈಗ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ. ಮೀನು ಕೊಯ್ಯುವ ಯಾನಗಿಬಾ ಚಾಕುವನ್ನು ಕೈಗೆ ತೆಗೆದುಕೊಂಡರೆ ಮುಂಬದಿ ಒಂದು ಥರ, ಹಿಂಬದಿ ಇನ್ನೊಂದು ಥರ. ಇಳಿಜಾರು ಇರುವುದು ಮುಂಬದಿಗೆ ಮಾತ್ರ. ಅಲಗಿನ ಉದ್ದಕ್ಕೂ ಒಂದು ಗೆರೆ ಓಡುತ್ತದೆ, ಅಲ್ಲಿಂದ ಅಂಚಿನವರೆಗೆ ಅಗಲವಾದ ಸಪಾಟು ಜಾಗ. ಚಾಕು ತಿರುಗಿಸಿ ಬೆಳಕಿಗೆ ಹಿಡಿದು ನೋಡು. ಹಿಂಬದಿ ಸಪಾಟಾಗಿರುವುದಿಲ್ಲ, ನಡುವೆ ತಗ್ಗು. ಸುತ್ತ ಎರಡು ಮಿಲಿಮೀಟರ್ ಕೂಡ ಇಲ್ಲದ ಒಂದು ಹೊಳೆಯುವ ಅಂಚು ಮಾತ್ರ ಎದ್ದಿರುತ್ತದೆ. ಆ ತಗ್ಗನ್ನು ಮಾಡುವವನು ಸಾಣೆಯವನು. ಅಲಗನ್ನು ಮರದ ಪಟ್ಟಿಗೆ ಸಿಕ್ಕಿಸಿ, ನೀರು ಸುರಿಯುವ ದೊಡ್ಡ ಚಕ್ರದ ಮೇಲೆ ಒತ್ತಿ, ತೆಗೆದು ಕಣ್ಣಳತೆ ನೋಡಿ, ಎಲ್ಲಾದರೂ ವಾರೆಯಾಗಿದ್ದರೆ ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿ, ಮತ್ತೆ ಒತ್ತುತ್ತಾನೆ.

ಆ ತಗ್ಗಿನ ಮಹತ್ವ ಗೊತ್ತಾಗುವುದು ಮಸೆಯುವಾಗ. ಮುಂಬದಿಯ ಸಪಾಟು ಜಾಗವನ್ನು ಕಲ್ಲಿಗೆ ತಾಗಿಸಿದರೆ ಸಾಕು, ಕೋನ ತಾನಾಗಿ ಸಿಗುತ್ತದೆ. ಉಜ್ಜುತ್ತಾ ಹೋದಂತೆ ಅಂಚಿನಾಚೆ ಉಕ್ಕಿನ ಒಂದು ತೆಳು ತರಿ ಏಳುತ್ತದೆ. ಅದನ್ನು ತೆಗೆಯಲು ಹಿಂಬದಿಯನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಎರಡು ಸಲ ಎಳೆದರೆ ಆಯಿತು. ತಗ್ಗಿರುವುದರಿಂದ ಕಲ್ಲಿಗೆ ತಾಗುವುದು ಆ ಸಣ್ಣ ಅಂಚು ಮಾತ್ರ. ಸಪಾಟಾಗಿದ್ದಿದ್ದರೆ ಇಡೀ ಹಿಂಬದಿ ಸವೆಸಬೇಕಾಗಿತ್ತು! ಅದೇ ತಗ್ಗಿನಿಂದ ಮೀನಿನ ತುಂಡು ಅಲಗಿಗೆ ಅಂಟುವುದೂ ಕಡಿಮೆ. 30 ಸೆಂಟಿಮೀಟರ್ ಉದ್ದದ ಅಲಗನ್ನು ಹಿಡಿಯ ಹತ್ತಿರದ ತುದಿಯಿಂದ ಮೊನೆಯವರೆಗೆ ಒಂದೇ ಎಳೆತಕ್ಕೆ ಎಳೆಯುತ್ತಾರೆ. ಹಿಂದೆ ಮುಂದೆ ಗರಗಸದಂತೆ ಆಡಿಸುವುದೇ ಇಲ್ಲ. ಕೊಯ್ದ ಜಾಗ ಒದ್ದೆ ಕಲ್ಲಿನ ಹಾಗೆ ಹೊಳೆಯುತ್ತದೆ.

ಹಿಡಿ ನೋಡಿದರೆ ನಿನಗೆ ಬೇಸರವಾಗಬಹುದು. ಮ್ಯಾಗ್ನೋಲಿಯಾ ಜಾತಿಯ ಬಿಳಿ ಮರ, ಕುತ್ತಿಗೆಯ ಹತ್ತಿರ ಎಮ್ಮೆ ಕೊಂಬಿನ ಬಳೆ, ಅಷ್ಟೇ. ಮೊಳೆಯಿಲ್ಲ, ರಿವೆಟ್ ಇಲ್ಲ. ಅಲಗಿನ ಬಾಲವನ್ನು ಕಾಯಿಸಿ ಮರದ ತೂತಿಗೆ ತೂರಿಸಿ ಬಡಿಯುತ್ತಾರೆ. ಅಲಗು ಹಿಡಿಗಿಂತ ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ ಅಂತ ಅವರಿಗೆ ಗೊತ್ತು. ಹಿಡಿ ಹಾಳಾದರೆ ಕಿತ್ತು ಬೇರೆ ಹಾಕಬೇಕು. ಹಳೇ ಬಾಣಸಿಗರ ಹತ್ತಿರ ಮಸೆದು ಮಸೆದು ಅರ್ಧದಷ್ಟಾದ ಯಾನಗಿಬಾ ಇರುತ್ತದೆ, ಹಿಡಿ ಮಾತ್ರ ಹೊಚ್ಚ ಹೊಸದು.

ಒಂದು ಮಾತು. ಅಲಗಿನ ಮೇಲೆ ಅಲೆ ಅಲೆ ಚಿತ್ತಾರ ಇರುವ ಚಾಕುಗಳ ಫೋಟೊ ಕಳಿಸಿದ್ದೆಯಲ್ಲ, ಅವು ಚಂದವೇ. ಆದರೆ ಆ ಚಿತ್ತಾರ ಹೊರಪದರದ್ದು, ಕತ್ತರಿಸುವ ಅಂಚಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಹೊನ್‌ಯಾಕಿ ಅಂತ ಪೂರ್ತಿ ಒಂದೇ ಉಕ್ಕಿನಲ್ಲಿ ಮಾಡುವ ದುಬಾರಿ ಚಾಕು ಇದೆ. ನೀರಿಗೆ ಅದ್ದುವಾಗಲೇ ಎಷ್ಟೋ ಬಿರುಕು ಬಿಟ್ಟು ಹಾಳಾಗುತ್ತವೆ. ಉಳಿದದ್ದು ಕಲಾವಿದನ ಕೆಲಸ, ನಿಜ. ಮಸೆಯುವುದು ಬಲು ಕಷ್ಟ. ನಮಗೆ ಬೇಡ.

ನಾನು ಜಪಾನಿನಿಂದ ಬರುವಾಗ ನಿನಗೆ ಯಾವುದು ತರಲಿ? ನೀನು ಎಡಗೈಯವನು. ಒಂದೇ ಕಡೆ ಇಳಿಜಾರಿನ ಚಾಕುಗಳು ಹೆಚ್ಚಾಗಿ ಬಲಗೈಗೆ ಮಾಡಿದವು. ನೀನು ಹಿಡಿದರೆ ಅಲಗು ವಾರೆಗೆ ಎಳೆಯುತ್ತದೆ. ಎಡಗೈಯದನ್ನು ಸಾಮಾನ್ಯವಾಗಿ ಹೇಳಿ ಮಾಡಿಸಬೇಕು, ಬೆಲೆಯೂ ಜಾಸ್ತಿ. ಮೇಲಾಗಿ ನಿಮ್ಮ ಮನೆಯಲ್ಲಿ ಮೀನಿಲ್ಲ. ಸೊಪ್ಪು, ಬೀನ್ಸು, ಕೋಸು, ಬದನೆಕಾಯಿ ಇಷ್ಟೇ ಅಲ್ವಾ? ಹಾಗಾದರೆ ನಕಿರಿ ತೆಗೆದುಕೋ. ತರಕಾರಿಗೆಂದೇ ಮಾಡಿದ್ದು. ಅಗಲವಾದ ತೆಳು ಅಲಗು, ನೆಟ್ಟಗಿನ ಅಂಚು, ಎರಡೂ ಕಡೆ ಇಳಿಜಾರು. ಹೋಳಿಗೆಯಲ್ಲಿ ಹೂರಣ ಇದ್ದ ಹಾಗೆ ಗಟ್ಟಿ ಉಕ್ಕು ನಡುವೆ, ಮೆದು ಕಬ್ಬಿಣ ಎರಡೂ ಬದಿಗೆ. ಎಚಿಝೆನ್‌ನಲ್ಲಿ ಒಳ್ಳೊಳ್ಳೆ ನಕಿರಿ ಸಿಗುತ್ತವೆ. ಫುಕುಯಿ ಪ್ರಾಂತ್ಯದ ಆ ಊರಿನ ಕಸುಬಿಗೆ 1979ರಲ್ಲೇ ಸರ್ಕಾರ ಸಾಂಪ್ರದಾಯಿಕ ಕರಕುಶಲ ಅಂತ ಮನ್ನಣೆ ಕೊಟ್ಟಿದೆ. ಅಲ್ಲಿನವರು ಎರಡು ಅಲಗನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೇ ಬಡಿಯುತ್ತಾರೆ. ಜೋಡಿಯಾದ್ದರಿಂದ ಬೇಗ ಆರುವುದಿಲ್ಲ, ಎರಡೂ ಒಂದೇ ಸಮ ತೆಳ್ಳಗಾಗುತ್ತವೆ.

ಬಳಸುವಾಗ ಮಾತ್ರ ಜಾಗ್ರತೆ. ತೆಂಗಿನಕಾಯಿ ಚಿಪ್ಪು, ಒಣಕೊಬ್ಬರಿ, ಗಟ್ಟಿ ಬೆಲ್ಲ ಇದಕ್ಕೆ ಕೊಡಲೇಬೇಡ, ಅಂಚು ಚಕ್ಕೆ ಎದ್ದುಹೋಗುತ್ತದೆ. ಮಾವಿನಕಾಯಿ, ನಿಂಬೆ, ಬಾಳೆಕಾಯಿ ಹೆಚ್ಚಿದ ಮೇಲೆ ಆಗಿಂದಾಗಲೇ ತೊಳೆದು ಒರೆಸು. ಅಲಗು ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡ. ಕೆಂಪು ತುಕ್ಕು ಕಂಡರೆ ಮಾತ್ರ ಉಜ್ಜಿ ತೆಗೆ. ಅಮ್ಮನಿಗೆ ಈಳಿಗೆಮಣೆ ಬಿಡು ಅಂತ ಹೇಳಬೇಡ. ಅದರ ಕೆಲಸ ಅದಕ್ಕಿದೆ.

1000 ಗ್ರಿಟ್‌ನ (ಕಲ್ಲು ಎಷ್ಟು ನುಣುಪು ಅನ್ನುವ ಅಳತೆ) ಸಾಣೆಕಲ್ಲನ್ನೂ ಜೊತೆಗೇ ಕೊಳ್ಳುತ್ತೇನೆ. ಕಲ್ಲಿಲ್ಲದೆ ಈ ಚಾಕು ಕೊಳ್ಳುವುದರಲ್ಲಿ ಅರ್ಥವಿಲ್ಲ. ಎಣ್ಣೆ ಬೇಡ, ನೀರು ಸಾಕು. ಮಸೆಯುವುದನ್ನು ಊರಿಗೆ ಬಂದಾಗ ನಾನೇ ಕೂತು ತೋರಿಸುತ್ತೇನೆ. ಚಾಕು ಚೆಕ್-ಇನ್ ಲಗೇಜಿನಲ್ಲೇ ಬರಬೇಕು, ಅದಕ್ಕೆ ಮುಂಚೆಯೇ ತಿಳಿಸು: ಸಾಮಾನ್ಯವಾಗಿ ಸಿಗುವ 165 ಮಿಲಿಮೀಟರ್ ಉದ್ದದ ಅಲಗು ಸಾಕಾ, ಉಕ್ಕು ಬಿಳಿಯದಾ ನೀಲಿಯದಾ. ಹಿಡಿ ಎಂಟು ಮೂಲೆಯದೇ ತರುತ್ತೇನೆ, ಎಡಗೈಗೂ ಸರಿಹೋಗುತ್ತದೆ.

ನಿನ್ನ,
ಶ್ರೀಧರ