ಒಣಖಂಡಕ್ಕೆ ಬಿಸಿಲು ಒಂದೇ ಸಾಲದು

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಜರ್ಕಿ ಮಾಡೋದು ಹೇಗೆ ಅಂತ ಬರೆದಿದ್ದೀರಿ. ಜರ್ಕಿ ಅಂದ್ರೆ ಅಮೆರಿಕದವರು ಮಸಾಲೆ ಹಚ್ಚಿ ಒಣಗಿಸಿ ತಿನ್ನೋ ಮಾಂಸ, ನಮ್ಮ ಒಣಖಂಡದ ಥರದ್ದು. ಒಣಖಂಡದ ಸುದ್ದಿ ಪೇಪರಿನಲ್ಲಿ ಬಂದದ್ದನ್ನು ನಾನು ನೋಡಿದ್ದು ಇದೇ ಮೊದಲು, ಅದಕ್ಕೆ ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಸ್ವಲ್ಪ ಹೆದರಿಕೆ ಆಯ್ತು. ಮಸಾಲೆಗೆ ಅರ್ಧ ಪುಟ ಕೊಟ್ಟಿದ್ದೀರಿ, ಮಾಂಸ ಎಷ್ಟು ಬಿಸಿ ಆಗಬೇಕು ಅನ್ನೋದಕ್ಕೆ ಒಂದು ಸಾಲೂ ಇಲ್ಲ. ತೆಳ್ಳಗೆ ಹೆಚ್ಚಿ, ಮಸಾಲೆ ಹಚ್ಚಿ, ಎರಡು ದಿನ ಬಿಸಿಲಿಗಿಟ್ಟು ತಿನ್ನಿ ಅಂತ ಮುಗಿಸಿದ್ದೀರಿ. ಆ 'ತಿನ್ನಿ' ಅನ್ನೋ ಮಾತಿನ ಮೇಲೇ ನನ್ನ ತಕರಾರು.

ನಾನು ಬೆಟಗೇರಿಯಲ್ಲಿ ಹುಟ್ಟಿ ಬೆಳೆದವನು, ಈಗ ಹುಬ್ಬಳ್ಳಿಯಲ್ಲಿದ್ದೇನೆ. ನಮ್ಮ ಅವ್ವ ಬೇಸಿಗೆಯಲ್ಲಿ ಖಂಡ ಒಣಗಿಸುತ್ತಿದ್ದಳು. ಈಳಿಗೆ ಮುಂದೆ ಕೂತು ಮುಷ್ಟಿಗಾತ್ರದ ತುಂಡನ್ನು ಅಂಚಿನಿಂದ ಬಿಡಿಸುತ್ತಾ, ತಿರುಗಿಸುತ್ತಾ, ಕಡಿಯದೆ ಉದ್ದಕ್ಕೆ ರಿಬ್ಬನ್ ಥರ ಇಳಿಸುತ್ತಿದ್ದಳು. ಉಪ್ಪು, ಅರಿಶಿಣ, ಖಾರದ ಪುಡಿ ತಿಕ್ಕಿ ಹಿತ್ತಲಿನ ತಂತಿಗೆ ಹಾಕೋದು. ಕೋಲು ಹಿಡಿದು ಕಾಗೆ, ಬೆಕ್ಕು ಕಾಯೋ ಕೆಲಸ ನನ್ನದು. ಗದಗಿನ ಏಪ್ರಿಲ್ ಬಿಸಿಲು ಗೊತ್ತಲ್ಲ, ಸಂಜೆ ಹೊತ್ತಿಗೆ ಅಂಚು ಮುದುರಿ ಗಟ್ಟಿಯಾಗಿರೋದು. ಕಾಯೋ ಹುಡುಗ ಸುಮ್ನೆ ಕೂರ್ತಾನಾ? ಒಂದು ತುದಿ ಕಿತ್ತು ಬಾಯಿಗೆ ಹಾಕಬೇಕು ಅನ್ನೋದರೊಳಗೆ ಒಳಗಿಂದ ದನಿ ಬರೋದು: "ಏ, ಹಂಗ ತಿನ್ನಬ್ಯಾಡ, ಮೊದ್ಲ ಕೆಂಡಕ್ಕ ಹಾಕು."

ಆಗ ಅದು ಬೈಗುಳ ಅಂದುಕೊಂಡಿದ್ದೆ. ಈಗ ನೋಡಿದರೆ ಇಡೀ ವಿಷಯ ಅದರಲ್ಲೇ ಇತ್ತು. ನಮ್ಮಲ್ಲಿ ಖಂಡ ಒಣಗಿಸುತ್ತಿದ್ದದ್ದು ಇಟ್ಟುಕೊಳ್ಳೋಕೆ. ತಿನ್ನುವ ಮೊದಲು ಅದನ್ನು ಕೆಂಡದ ಮೇಲೆ ಸುಡುತ್ತಿದ್ದರು, ಇಲ್ಲಾ ಬೇಯಿಸಿ ಸಾರು ಮಾಡುತ್ತಿದ್ದರು. ಜರ್ಕಿ ಹಾಗಲ್ಲ. ಪ್ಯಾಕೆಟ್ ಬಿಚ್ಚಿ ಹಾಗೇ ಜಗಿಯೋದು. ನೀವು ನಮ್ಮ ಬಿಸಿಲಿನ ಪದ್ಧತಿ ತಗೊಂಡು, ಅಮೆರಿಕದವರ ತಿನ್ನೋ ಪದ್ಧತಿ ಸೇರಿಸಿದ್ದೀರಿ. ನಡುವಿನ ಕೆಂಡ ಬಿಟ್ಟುಹೋಗಿದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ಹೊಟ್ಟೆ ಕೆಡಿಸಿಕೊಂಡು ಕಲಿತದ್ದು. 2024ರಲ್ಲಿ ಬಕ್ರೀದ್ ಜೂನ್ 17ಕ್ಕೆ ಬಂದಿತ್ತು. ಪಕ್ಕದ ಮನೆಯವರು ಪ್ರೀತಿಯಿಂದ ಜಾಸ್ತಿನೇ ಕಳಿಸಿದ್ದರು, ನನಗೆ ಅವ್ವನ ತಂತಿ ನೆನಪಾಯ್ತು. ಮಾಳಿಗೆ ಮೇಲೆ ಕಟ್ಟಿದೆ. ಹುಬ್ಬಳ್ಳಿಯ ಜೂನ್ ಅಂದ್ರೆ ಕೇಳಬೇಕಾ, ಮಧ್ಯಾಹ್ನಕ್ಕೇ ಮೋಡ, ಸಂಜೆಗೆ ಜಿಟಿಜಿಟಿ. ಒಳಗೆ ತಂದು ಫ್ಯಾನಿನ ಕೆಳಗೆ ಹಾಕಿದೆ. ಮೂರನೇ ದಿನಕ್ಕೆ ಮೇಲೆ ಒಣಗಿದಂತೆ ಕಂಡಿತು, ಒತ್ತಿದರೆ ಒಳಗೆ ಮೆತ್ತಗೆ, ಒಂದೆರಡು ಕಡೆ ಬಿಳಿ ಬೂಷ್ಟು. ಬೂಷ್ಟು ಹಿಡಿದ ಕಡೆ ಕತ್ತರಿಸಿ ಉಳಿದದ್ದನ್ನು ತಿಂದೆ, ಅಷ್ಟು ದಡ್ಡ ನಾನು. ಎರಡು ದಿನ ಎಲ್ಲಿದ್ದೆ ಅಂತ ಬರೆಯೋದು ಬೇಡ. ಪಕ್ಕದ ಮನೆಯವರು ಹೆಂಗಾತು ಅಂತ ಕೇಳಿದರೆ ಭಾಳ ಚಲೋ ಆಗಿತ್ತು ಅಂದೆ.

ಆಮೇಲೆ ಕೂತು ವಿಚಾರಿಸಿದೆ. ಅಮೆರಿಕದ ಕೃಷಿ ಇಲಾಖೆಯವರು ಹೇಳೋದು ಇಷ್ಟು: ಮಾಂಸ ಮೊದಲು 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಆಮೇಲೆ 55ರಿಂದ 60 ಡಿಗ್ರಿಯಲ್ಲಿ ಒಣಗಿಸಬೇಕು. ಒಣಗಿಸಿದ ಮೇಲೆ ಯಾಕೆ ಬಿಸಿ ಮಾಡಬಾರದು ಅಂತ ನನಗೂ ಅನಿಸಿತ್ತು. ಕಾರಣ ಇದು. ಒಣಗುವಾಗ ನೀರು ಆರುತ್ತಾ ಮಾಂಸವನ್ನು ತಣ್ಣಗಿಡುತ್ತದೆ, ಮಣ್ಣಿನ ಗಡಿಗೆಯ ನೀರು ತಣ್ಣಗಿರುತ್ತದಲ್ಲ, ಅದೇ ಲೆಕ್ಕ. ಹೊರಗೆ 60 ಡಿಗ್ರಿ ಇದ್ದರೂ ಚೂರಿನೊಳಗೆ ಅಷ್ಟು ಇರೋದಿಲ್ಲ. ಪೂರ್ತಿ ಒಣಗಿದ ಮೇಲೆ ಉಳಿದ ರೋಗಾಣುಗಳು ಶಾಖಕ್ಕೆ ಸುಲಭವಾಗಿ ಸಾಯೋದೂ ಇಲ್ಲ. ಫ್ರೀಜರಿನಲ್ಲಿಟ್ಟರೆ ಸಾಯುತ್ತವೆ ಅನ್ನೋದೂ ಸುಳ್ಳು. ಮೊದಲೇ ಬಿಸಿ ಮಾಡೋದು ಆಗದಿದ್ದರೆ ಇನ್ನೊಂದು ದಾರಿ ಇದೆ: ಒಣಗಿದ ಚೂರುಗಳನ್ನು 135 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ 10 ನಿಮಿಷ ಇಡೋದು. ಅಂಥ ಬಿರುಸು ಶಾಖ ಆದ್ರೆ ನಡೆಯುತ್ತದೆ. ಅವ್ವನ ಕೆಂಡವೂ ಇದೇ ಕೆಲಸ ಮಾಡುತ್ತಿತ್ತು ಅಲ್ವಾ?

ಮಾಂಸ ಯಾವುದು ಅನ್ನೋದನ್ನೂ ಹೇಳಿಬಿಡ್ತೀನಿ. ಅಮೆರಿಕದಲ್ಲಿ ಜರ್ಕಿ ಅಂದ್ರೆ ಹೆಚ್ಚಾಗಿ ದನದ್ದು. ನಮ್ಮ ರಾಜ್ಯದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆ ಪ್ರಕಾರ ಆಕಳು, ಎತ್ತು, ಹೋರಿ ಕಡಿಯುವಂತಿಲ್ಲ, ಎಮ್ಮೆ ಕೋಣ ಆದ್ರೆ 13 ವರ್ಷ ದಾಟಿರಬೇಕು. ನಾನು ಮಾಡೋದು ಹೋತದ ತೊಡೆ ಖಂಡದಲ್ಲಿ. ಕುರಿಗಿಂತ ಅದರಲ್ಲಿ ಕೊಬ್ಬು ಕಡಿಮೆ. ಒಂದು ತಾಸು ಫ್ರೀಜರಿನಲ್ಲಿಟ್ಟು ಅರ್ಧ ಗಟ್ಟಿಯಾದ ಮೇಲೆ ಹೆಚ್ಚಿದರೆ ಐದಾರು ಮಿಲಿಮೀಟರ್ ದಪ್ಪಕ್ಕೆ ನೀಟಾಗಿ ಬರುತ್ತದೆ. ಎಳೆಗೆ ಅಡ್ಡ ಹೆಚ್ಚಿದರೆ ಹಲ್ಲಿಗೆ ಮೆತ್ತಗೆ, ಎಳೆ ಜೊತೆ ಉದ್ದಕ್ಕೆ ಹೆಚ್ಚಿದರೆ ಜಗಿಯೋಕೆ ಗಟ್ಟಿ. ನನಗೆ ಗಟ್ಟಿಯೇ ಇಷ್ಟ, ಮನೆಯವರು ಹಲ್ಲು ಬೀಳುತ್ತವೆ ಅಂತಾರೆ.

ಇನ್ನು ಮಸಾಲೆ. ನೀವು ಸೋಯಾ ಸಾಸ್, ವೂಸ್ಟರ್ ಸಾಸ್, ಹೊಗೆ ವಾಸನೆಯ ಎಸೆನ್ಸು ಅಂತ ಪಟ್ಟಿ ಕೊಟ್ಟಿದ್ದೀರಿ. ಬ್ಯಾಡಗಿ ಇಲ್ಲೇ ಹಾವೇರಿ ಜಿಲ್ಲೆಯಲ್ಲಿದೆ ಸ್ವಾಮಿ! 2011ರಲ್ಲೇ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಮೆಣಸಿನಕಾಯಿ ಬಿಟ್ಟು ಬಾಟಲಿ ಹುಡುಕಬೇಕಾ? ಬಣ್ಣ ಜಾಸ್ತಿ, ಖಾರ ಕಡಿಮೆ, ಹಾಗಾಗಿ ಧಾರಾಳವಾಗಿ ಹಾಕಬಹುದು. ಅದರಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಜಾತಿ; ನಾನು ಉಪಯೋಗಿಸೋದು ಡಬ್ಬಿ, ಕಡ್ಡಿ ಸಿಕ್ಕರೂ ನಡೆಯುತ್ತದೆ. ಕೆಜಿ ಖಂಡಕ್ಕೆ ಎರಡು ದೊಡ್ಡ ಚಮಚ ಪುಡಿ, 20 ಗ್ರಾಂ ಉಪ್ಪು, ಹುರಿದು ತರಿತರಿಯಾಗಿ ಕುಟ್ಟಿದ ಹವೀಜ (ಕೊತ್ತಂಬರಿ ಬೀಜ), ಒಂದು ಗಡ್ಡೆ ಬೆಳ್ಳುಳ್ಳಿ, ಸಣ್ಣ ನಿಂಬೆಗಾತ್ರದ ಬೆಲ್ಲ, ಮೂರು ಚಮಚ ವಿನೆಗರ್. ಹವೀಜ ಮತ್ತು ವಿನೆಗರ್ ಜೋಡಿ ದಕ್ಷಿಣ ಆಫ್ರಿಕಾದವರ ಬಿಲ್ಟಾಂಗ್‌ನದು, ಅವರ ಒಣಮಾಂಸಕ್ಕೆ ಅದೇ ಮುಖ್ಯ ರುಚಿ. ಎಣ್ಣೆ ಒಂದು ಹನಿಯೂ ಬೇಡ. ಎಲ್ಲ ಕಲಸಿ ರಾತ್ರಿಯಿಡೀ ಫ್ರಿಜ್ಜಿನೊಳಗೇ ಇಡಬೇಕು, ಹೊರಗೆ ಕಟ್ಟೆ ಮೇಲೆ ಅಲ್ಲ.

ಉಪ್ಪು ಖಾರದಲ್ಲಿ ಎಲ್ಲರೂ ಒಂದು ಸಲ ಎಡವುತ್ತಾರೆ. ಕೆಜಿ ಖಂಡ ಒಣಗಿ ಕಾಲು ಕೆಜಿ, ಇಲ್ಲಾ ಸ್ವಲ್ಪ ಹೆಚ್ಚು ಉಳಿಯುತ್ತದೆ. ನೀರು ಹೋಗುತ್ತದೆ, ಹಾಕಿದ ಉಪ್ಪು ಎಲ್ಲಿಗೆ ಹೋಗಬೇಕು? ಹಾಗಾಗಿ ಹಸಿ ಖಂಡಕ್ಕೆ ಉಪ್ಪು ಸ್ವಲ್ಪ ಕಡಿಮೆ ಆಯ್ತು ಅನ್ನಿಸುವಷ್ಟೇ ಹಾಕಬೇಕು. ಆಗಲೇ ಸರಿ ಅನ್ನಿಸಿದರೆ ಕೊನೆಗೆ ಬಾಯಿಗೆ ಹಾಕೋಕಾಗಲ್ಲ.

ಬೆಳಿಗ್ಗೆ ಅದೇ ಮಸಾಲೆಗೆ ಸ್ವಲ್ಪ ನೀರು ಸೇರಿಸಿ ಕುದಿಸಿ, ಚೂರುಗಳನ್ನು ಅದರಲ್ಲೇ ಬಿಟ್ಟು, ದಪ್ಪ ಚೂರಿಗೆ ಥರ್ಮಾಮೀಟರ್ ಚುಚ್ಚಿ 71 ನೋಡಿ ತೆಗೆಯುತ್ತೇನೆ. ಜ್ವರದ ಥರ್ಮಾಮೀಟರ್ ಅಲ್ಲ, ಅಡುಗೆಯದು. ಆಮೇಲೆ ಓವನ್, 60 ಡಿಗ್ರಿ, ಬಾಗಿಲು ಸ್ವಲ್ಪ ತೆರೆದು ಐದಾರು ತಾಸು. ಬಗ್ಗಿಸಿದರೆ ಬಿರುಕು ಬಿಡಬೇಕು, ಎರಡು ತುಂಡಾಗಬಾರದು. ಆರಿದ ಮೇಲೆ ಗಾಜಿನ ಡಬ್ಬಿಗೆ. ನಮ್ಮ ಮಳೆಗಾಲದಲ್ಲಿ ಅದನ್ನೂ ಫ್ರಿಜ್ಜಿನಲ್ಲಿಡೋದು ಒಳ್ಳೇದು.

ಬರುವ ಭಾನುವಾರ ಆ 71 ಡಿಗ್ರಿಯ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿ. ಇನ್ನೊಂದು, ನೀವು ಹಾಕಿದ್ದ ಫೋಟೋದಲ್ಲಿ ಚೂರಿನ ಅಂಚಿಗೆ ಬಿಳಿ ಕೊಬ್ಬು ಕಾಣುತ್ತಿತ್ತು. ಕೊಬ್ಬು ಒಣಗೋದಿಲ್ಲ, ಬೇಗನೇ ಕಮಟು ವಾಸನೆ ಹೊಡೆಯುತ್ತದೆ. ಆ ಜರ್ಕಿಯ ಡಬ್ಬಿ ಇನ್ನೂ ನಿಮ್ಮ ಆಫೀಸಿನಲ್ಲಿದ್ದರೆ ಒಂದ್ಸಲ ಮುಚ್ಚಳ ತೆಗೆದು ಮೂಸಿ ನೋಡಿ.

ಒಬ್ಬ ಓದುಗ, ಹುಬ್ಬಳ್ಳಿ