ಹಲಗೆಯ ಮೇಲಿನ ಸಾಲು

ಚಿ. ಪುಟ್ಟವ್ವನಿಗೆ ಮಾಮನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಬಂತು. ಮನೆಯ ಸುದ್ದಿಯನ್ನೆಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿದ್ದಾಳೆ, ಅದನ್ನು ಬಿಡುತ್ತೇನೆ. ಎರಡನೆಯ ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, "ಬೆಳಗ್ಗೆ ಎದ್ದರೆ ಮೊಬೈಲ್ ಮುಟ್ಟಲು ಹೆದರಿಕೆಯಾಗುತ್ತದೆ ಮಾಮಾ" ಎಂದು, ಆ ಸಾಲು ನನ್ನನ್ನು ಎರಡು ರಾತ್ರಿ ಮಲಗಗೊಡಲಿಲ್ಲ. ನಲವತ್ತು ವರ್ಷ ಗಲ್ಲಾದ ಹಿಂದೆ ಕುಳಿತವನು ನಾನು. ಗಿರಾಕಿ ಬರಲಿಲ್ಲವಲ್ಲ ಎಂದು ಹೆದರಿದ್ದು ಬಹಳ ಸಲ. ಬಂದುಬಿಟ್ಟರೆ ಏನು ಗತಿ ಎಂದು ಹೆದರಿದ್ದು ಒಬ್ಬಳಿಗೆ ಮಾತ್ರ. ಅದನ್ನು ನಿಮ್ಮ ಅತ್ತೆಗೂ ಹೇಳಿಲ್ಲ.

ಮೊಬೈಲಿನಲ್ಲಿ ನೀನು ಮಾರುವ ಇಳಕಲ್ ಸೀರೆ ತರಿಸಿಕೊಂಡ ಪುಣೆಯ ಆ ಹೆಣ್ಣುಮಗಳು "ರೇಷ್ಮೆ ಸೆರಗು ಎಂದು ಹೇಳಿ ಚಮಕಾ ಎಂಬ ಕೃತಕ ರೇಷ್ಮೆ ಕಳಿಸಿದ್ದೀರಿ, ಇದು ಮೋಸ" ಎಂದು ಬರೆದು ಆರು ದಿನವಾಯಿತು, ನೀನು ಉತ್ತರ ಕೊಟ್ಟಿಲ್ಲ. ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಳು, ಮಾತು ಒರಟು, ಒಂದು ಸಲ ಉಟ್ಟ ಮೇಲೆ ತಕರಾರು ತೆಗೆದಳು ಎಂದೆಲ್ಲ ಬರೆದಿದ್ದೀಯ. ಮೂರು ಸಲ ಓದಿದೆ. ಆ ಸೆರಗು ರೇಷ್ಮೆಯೋ ಚಮಕಾವೋ ಎಂಬುದು ಮಾತ್ರ ಎಲ್ಲಿಯೂ ಇಲ್ಲ.

ಸಿಟ್ಟಾಗಬೇಡ. ನಿನಗೇ ಗೊತ್ತಿಲ್ಲದಿರಬಹುದು. ಇಳಕಲ್ಲಿನಲ್ಲಿ ಒಡಲಿಗೆ ಹತ್ತಿ, ಸೆರಗಿಗೆ ಚಮಕಾ ಹಾಕಿ ನೇಯುವುದು ಇಂದು ನಿನ್ನೆಯದಲ್ಲ. ಒಡಲಿನ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಕೊಂಡಿ ಹಾಕಿ ಕೂಡಿಸುವ ಕೆಲಸ, ತೋಪ್ ತೆನಿ ಎಂಬ ಸೆರಗಿನ ವಿನ್ಯಾಸದ ಕೆಂಪಿನ ಮೇಲೆ ಎದ್ದು ಕಾಣುವ ಬಿಳಿ, ಎಲ್ಲ ಅದರಲ್ಲಿಯೂ ಇರುತ್ತದೆ. ಕೈಮಗ್ಗದ್ದೇ ಸೀರೆ, ನೂಲು ಬೇರೆ, ಬೆಲೆ ಬೇರೆ. ಫೋಟೋದಲ್ಲಿ ಎರಡೂ ಒಂದೇ ಸಮನೆ ಮಿಂಚುತ್ತವೆ. ಅದೇ ಮಗ್ಗದ ಇನ್ನೊಂದು ಸೀರೆ ನಿನ್ನ ಕಪಾಟಿನಲ್ಲಿ ಇದ್ದೇ ಇರುತ್ತದೆ. ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ಸುಟ್ಟು ನೋಡು. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಿಗೆ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟಂತಿದ್ದರೆ ಆಕೆ ಹೇಳಿದ್ದು ನಿಜ. ಇದು ನಿನಗೆ ಗೊತ್ತಿಲ್ಲದ ಪರೀಕ್ಷೆಯಲ್ಲ, ನಾನೇ ಕಲಿಸಿದ್ದು. ಆರು ದಿನದಲ್ಲಿ ಒಂದು ಎಳೆ ಸುಡಲಿಲ್ಲವೆಂದರೆ, ನಿನ್ನ ಹೆದರಿಕೆ ಆಕೆಯ ಮಾತಿನದೋ ಆ ಎಳೆಯದೋ?

ನನ್ನದನ್ನು ಹೇಳುತ್ತೇನೆ. ನೀನು ನೋಡಿದ್ದು ನವನಗರದ ಅಂಗಡಿ. ಅದಕ್ಕೂ ಮೊದಲು, ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುವ ಮುಂಚೆ, ಹಳೆಯ ಬಾಗಲಕೋಟೆಯ ಪೇಟೆಯಲ್ಲಿ ಇದ್ದೆವು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದು ಎರಡು ಮೂರು ವರ್ಷವಾಗಿರಬೇಕು. ಘಟಪ್ರಭೆಯ ದಂಡೆಯ ಒಂದು ಹಳ್ಳಿಯಿಂದ ಬಂದ ತಾಯಿಯೊಬ್ಬಳು ಬಸುರಿ ಮಗಳ ಕುಬಸಕ್ಕೆಂದು ಹಸಿರು ಸೀರೆ ಒಯ್ದಳು. 180 ರೂಪಾಯಿ. ಚೌಕಾಸಿ ಮಾಡಲಿಲ್ಲ. ಆ ಸಲದ ಮಾಲಿನ ಕೆಂಪು ಬಣ್ಣ ಬಿಡುತ್ತದೆ, ಮೊದಲ ಸಲ ಬರಿಯ ತಣ್ಣೀರಿನಲ್ಲಿ ಬೇರೆಯಾಗಿ ತೊಳೆಯಲು ಹೇಳಿರಿ ಎಂದು ನೇಕಾರ ನನಗೆ ಹೇಳಿದ್ದ. ನಾನು ಹೇಳಲಿಲ್ಲ. ಬಣ್ಣದ ಮಾತೆತ್ತಿದರೆ ಸೀರೆ ಕೆಳಗಿಟ್ಟು ಎದ್ದು ಹೋಗುತ್ತಾರೆ ಎಂಬ ಲೆಕ್ಕ ನನ್ನದು.

ತಿಂಗಳಾದ ಮೇಲೆ ಬಂದಳು. ಸೆರಗಿನ ಬಿಳಿಯೆಲ್ಲ ನಸುಗೆಂಪಾಗಿತ್ತು. ಬೈಯಲಿಲ್ಲ. ಸೀರೆಯನ್ನು ಗಾದಿಯ ಮೇಲೆ ಹರವಿ ಸುಮ್ಮನೆ ಕುಳಿತಳು. ನಾನು ತಲೆಯ ಮೇಲಿದ್ದ ಹಲಗೆ ತೋರಿಸಿದೆ: "ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ." ಆಕೆಗೆ ಓದಲು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ.

ಮಡಿಚಿಕೊಂಡು ಹೋದಳು. ಅಲ್ಲಿಂದ ಮುಂದೆ ಸಂತೆಯ ದಿನ ಬೆಳಗಾದರೆ ನನಗೆ ನಿನ್ನ ಮೊಬೈಲಿನ ಹೆದರಿಕೆಯೇ. ಅಂಗಡಿಯ ಮುಂದೆಯೇ ಹಾದು ಹೋಗುತ್ತಿದ್ದಳು, ಒಳಗೆ ನೋಡುತ್ತಿರಲಿಲ್ಲ. ನಾನು ಖಾತೆ ಪುಸ್ತಕದಲ್ಲಿ ತಲೆ ಹುದುಗಿಸುತ್ತಿದ್ದೆ. ಗಂಟಲು ಹರಿದುಕೊಂಡು ಜಗಳವಾಡಿದ ಗಿರಾಕಿಗಳು ಮರುವರ್ಷ ಮದುವೆ ಜವಳಿಗೆ ನನ್ನಲ್ಲಿಗೇ ಬಂದರು. ಈಕೆ ಬರಲಿಲ್ಲ. ಕರೆದು ದುಡ್ಡು ಕೊಡೋಣ ಎಂದುಕೊಳ್ಳುತ್ತಲೇ ವರ್ಷಗಳು ಹೋದವು. ಆಮೇಲೆ ನೀರು ಬಂತು. ನಮ್ಮ ಪೇಟೆಯೂ ಎದ್ದಿತು, ಅವರ ಹಳ್ಳಿಯೂ ಎದ್ದಿತು. ಮುಳುಗಡೆಯ ಜನ ಯಾವ ಯಾವ ಪುನರ್ವಸತಿ ಕೇಂದ್ರಕ್ಕೆ ಹೋದರೋ, ಎಲ್ಲಿ ಹುಡುಕಲಿ? ಆಕೆಯ ಹೆಸರನ್ನೂ ನಾನು ಕೇಳಿರಲಿಲ್ಲ.

ಹಳೆಯ ಅಂಗಡಿಯಿಂದ ಗಜಕಡ್ಡಿಯ ಜೊತೆಗೆ ಆ ಹಲಗೆಯನ್ನೂ ಹೊತ್ತು ತಂದೆ. ಬೇಸಗೆ ರಜೆಯಲ್ಲಿ ನೀನು ಅದರ ಕೆಳಗೆ ಕುಳಿತು ಅಕ್ಷರ ಕೂಡಿಸಿ ಓದುತ್ತಿದ್ದೆ, ನಾವೆಲ್ಲ ನಗುತ್ತಿದ್ದೆವು. ಕಳೆದ ವಾರ ನಿಮ್ಮ ಅತ್ತೆ ನಿನ್ನ ಇನ್‌ಸ್ಟಾಗ್ರಾಮ್ ಪುಟ ತೋರಿಸಿದಳು. ಸೀರೆಗಳ ಕೆಳಗೆ ಅದೇ ಸಾಲು, ಒಂದಕ್ಷರ ಬದಲಾಗದೆ. ಪುಟ್ಟವ್ವಾ, ಅದನ್ನು ಇವತ್ತೇ ತೆಗೆದುಹಾಕು.

ಕಾನೂನು ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳಿ ತಿಳಿದುಕೊಂಡೆ. 2020ರ ಇ-ಕಾಮರ್ಸ್ ನಿಯಮಗಳಲ್ಲಿ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಎಂದಿದೆಯಂತೆ. ಹೇಳಿದಂತೆ ಇಲ್ಲದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ ಎನ್ನುವಂತೆಯೂ ಇಲ್ಲ. ನಿನ್ನ 48 ಗಂಟೆ ಯಾವಾಗಲೋ ಮುಗಿದಿದೆ. ಇರಲಿ, ಇಂದು ರಾತ್ರಿ "ನಿಮ್ಮ ಮಾತು ಓದಿದೆ, ಉತ್ತರ ತಡವಾಯಿತು, ನೂಲು ನೋಡಿ ನಾಳೆ ತಿಳಿಸುತ್ತೇನೆ" ಎಂದಷ್ಟೇ ಬರೆ. ಚಮಕಾ ಎಂದು ಕಂಡರೆ ಪೂರ್ತಿ ಹಣ ಕೊಡು, ಪಾರ್ಸೆಲ್ ಹಿಂದೆ ಬರುವ ಖರ್ಚೂ ನಿನ್ನದೇ. ಮುಂದಿನ ಸೀರೆಗೆ ರಿಯಾಯಿತಿ ಕೊಡುತ್ತೇನೆ ಎಂದು ಬೆಣ್ಣೆ ಹಚ್ಚಬೇಡ, ಆಕೆ ಅದನ್ನು ಕೇಳಿಲ್ಲ. ತಪ್ಪನ್ನು ನೇಕಾರನ ತಲೆಗೂ ಕಟ್ಟಬೇಡ. ಯಾವ ನೂಲು ಎಂದು ನೀನು ಕೇಳಿದ್ದರೆ ಅವನು ಹೇಳುತ್ತಿದ್ದ.

ರೇಷ್ಮೆಯೇ ಆಗಿದ್ದರೆ? ಆಗಲೂ ಬರೆ. ಎಳೆ ಸುಡುವುದನ್ನು ವಿಡಿಯೊ ಮಾಡಿ ಕಳಿಸು. ಗೆದ್ದ ಖುಷಿಗೆ ಮೇಲೊಂದು ಚುಚ್ಚುಮಾತು ಸೇರಿಸಬೇಡ, ನಮ್ಮ ಮನೆತನಕ್ಕೆ ಆ ಚಟ ಇದೆ.

ಇನ್ನು ಉಳಿದದ್ದು ನೀನೇ ನನಗೆ ಹೇಳಿಕೊಡುವಂಥದ್ದು. ಟ್ಯೂಬ್‌ಲೈಟಿನ ಕೆಳಗೆ ದಾಳಿಂಬೆ ಕೆಂಪು ಬೇರೆಯೇ ಕಾಣುತ್ತದೆ, ಕಿಟಕಿಯ ಬಳಿ ಹಗಲಿನಲ್ಲಿ ಫೋಟೋ ತೆಗೆದರೆ ಒಳ್ಳೆಯದೇನೋ. ಗಜದ ಲೆಕ್ಕ ಈಗಿನವರಿಗೆ ತಿಳಿಯುವುದಿಲ್ಲ, ಮೀಟರಿನಲ್ಲಿಯೂ ಬರೆ; ಕುಪ್ಪಸದ ತುಂಡು ಇದೆಯೋ ಇಲ್ಲವೋ ಅದನ್ನೂ. ಬಣ್ಣ ಬಿಡುವ ಸೀರೆಯಾದರೆ ಒಂದು ಚೀಟಿ ಒಳಗಿಡು. ಚೀಟಿ ಓದಿ ಹೆದರಿ ಕೊಳ್ಳದವರು ಇದ್ದಾರು, ಅದಕ್ಕೆ ನನ್ನ ಬಳಿ ಉಪಾಯವಿಲ್ಲ.

ಉತ್ತರ ಬರೆದ ಮೇಲೆ ಫೋನ್ ಮಾಡು, ಹನ್ನೊಂದು ಗಂಟೆಯಾದರೂ ಎದ್ದಿರುತ್ತೇನೆ. ಆ ಪಾರ್ಸೆಲ್ ಹಿಂದೆ ತರಿಸುವ ಖರ್ಚಿಗೆಂದು 180 ರೂಪಾಯಿ ಲಕೋಟೆಯಲ್ಲಿ ಇಟ್ಟಿದ್ದೇನೆ. ಸಾಲದಿದ್ದರೆ ನೀನು ಸೇರಿಸಿಕೋ. ಬೇಡ ಎಂದು ಮಾತ್ರ ತಿರುಗಿ ಕಳಿಸಬೇಡ.

ಇತಿ,
ನಿನ್ನ ಮಾಮ