ಬೆಂದಕಾಳೂರು ಕಥೆಗಿಂತ ಹಳೆಯದು ಬೆಂಗಳೂರು

ಮಾನ್ಯ ಸಂಪಾದಕರೇ,

ರಾಜ್ಯೋತ್ಸವ ಹತ್ತಿರವಾದಂತೆ ‘ಬೆಂದಕಾಳೂರು’ ಕಥೆ ಭಾಷಣಗಳಲ್ಲೂ ಮಕ್ಕಳ ಪ್ರಬಂಧಗಳಲ್ಲೂ ಇತಿಹಾಸವೆಂದೇ ಬರುತ್ತದೆ. ಬೇಟೆಗೆ ಬಂದು ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಊರಿಗೆ ಆ ಹೆಸರು ಬಂತು ಎಂಬುದು ಕಥೆ. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಾಲಯದ ಹಳಗನ್ನಡ ಶಾಸನವಾದರೋ ಸುಮಾರು ಕ್ರಿ.ಶ. 890ರದು, ಗಂಗರ ಕಾಲದ್ದು. ಗಂಗರ ಅಧಿಕಾರಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಬೆಂಗಳೂರ ಕಾಳಗದಲ್ಲಿ ಮಡಿದನೆಂದು ಅದು ಹೇಳುತ್ತದೆ. ಬಲ್ಲಾಳ ಪಟ್ಟಕ್ಕೆ ಬರುವ ಹೊತ್ತಿಗೆ ಈ ಹೆಸರಿಗೆ ಮುನ್ನೂರು ವರ್ಷ ಸಮೀಪಿಸಿತ್ತು.

ಇಲ್ಲಿ ಇನ್ನೊಂದು ಗೊಂದಲವೂ ಇದೆ. ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಆನೆ ಕುದುರೆಗಳ ಯುದ್ಧ ಕೆತ್ತಿದ ದೊಡ್ಡ ವೀರಗಲ್ಲೂ ಬೇಗೂರಿನದೇ. ಆದರೆ ಅದು ಬೇರೆ ಶಾಸನ. ಗಂಗ ಎರೆಯಪ್ಪನ ಆಣತಿಯಂತೆ ನೊಳಂಬ ದೊರೆ ವೀರಮಹೇಂದ್ರನ ಮೇಲೆ ತುಂಬೆಪಾಡಿಯಲ್ಲಿ ಹೋರಾಡಿ ನಾಗತ್ತರ ಸತ್ತದ್ದನ್ನೂ, ಬಳಿಕ ಆತನ ಸ್ಥಾನಕ್ಕೆ ಬಂದ ಇರುಗನಿಗೆ ಬೆಂಪೂರು ಹನ್ನೆರಡರ, ಅಂದರೆ ಹನ್ನೆರಡು ಊರುಗಳ, ದತ್ತಿ ಸಂದದ್ದನ್ನೂ ಅದು ತಿಳಿಸುತ್ತದೆ. ಬೆಂಪೂರು ಎಂದರೆ ಇಂದಿನ ಬೇಗೂರು, ಬೆಂಗಳೂರಲ್ಲ. ಈ ವೀರಗಲ್ಲಿನ ಚಿತ್ರ ಹಾಕಿ ‘ಬೆಂಗಳೂರು ಹೆಸರಿನ ಶಾಸನ’ ಎಂದು ಕೆಳಗೆ ಬರೆದರೆ ಎರಡು ಕಲ್ಲುಗಳನ್ನೂ ತಪ್ಪಾಗಿ ಓದಿದಂತೆ.

ಹೆಸರಿನ ಅರ್ಥವೇನು? ಬೆಂಗೆ, ಅಂದರೆ ಹೊನ್ನೆ ಮರದಿಂದ ಬಂತೆಂಬ ವಾದ ಒಂದಿದೆ. ತಮಿಳಿನಲ್ಲೂ ಅದು ವೇಂಗೈ. ಬೆಣಚುಕಲ್ಲಿನಿಂದ ಬಂತೆಂಬುದು ಇನ್ನೊಂದು. ಹಾಗಿದ್ದರೆ ನಡುವಿನ ಚಕಾರ ಎಲ್ಲಿ ಹೋಯಿತೆಂದು ಹೇಳಬೇಕಾಗುತ್ತದೆ. ಶಾಸನ ಕೊಡುವುದು ಹೆಸರನ್ನು ಮಾತ್ರ, ಅದರ ಅರ್ಥವನ್ನಲ್ಲ. ಅರ್ಥ ಹೇಳಹೊರಟವರು ಮೊದಲು ಅತಿ ಹಳೆಯ ಬರಹರೂಪವನ್ನು ಮುಂದಿಟ್ಟುಕೊಳ್ಳಬೇಕು, ತಮ್ಮ ವಿವರಣೆ ಅದಕ್ಕಿಂತ ಈಚಿನದೋ ಎಂದು ನೋಡಬೇಕು, ಆಮೇಲೆ ಅಕ್ಷರಗಳ ಬದಲಾವಣೆಯನ್ನು ಒಂದೊಂದಾಗಿ ತೋರಿಸಬೇಕು. ಬೆಂದಕಾಳು ಎರಡನೆಯ ಹೆಜ್ಜೆಯಲ್ಲೇ ಬಿದ್ದುಹೋಗುತ್ತದೆ.

1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಪೇಟೆಗಳನ್ನು ಬೆಳೆಸಿದ ಕೆಂಪೇಗೌಡರ ಹಿರಿಮೆ ಇದರಿಂದ ಎಳ್ಳಷ್ಟೂ ಕುಗ್ಗುವುದಿಲ್ಲ. ಊರು ಕಟ್ಟಿದ್ದು ಬೇರೆ, ಹೆಸರು ಹುಟ್ಟಿದ್ದು ಬೇರೆ. 2014ರ ನವೆಂಬರ್ 1ರಂದು ‘ಬ್ಯಾಂಗಲೋರ್’ ಅಧಿಕೃತವಾಗಿ ‘ಬೆಂಗಳೂರು’ ಆದಾಗ ಮರಳಿ ಬಂದದ್ದು ಸಾವಿರ ವರ್ಷ ದಾಟಿದ ಹೆಸರು. ಅಜ್ಜಿಯ ಕಥೆಯನ್ನು ಮಕ್ಕಳಿಗೆ ಕಥೆಯೆಂದೇ ಹೇಳಲಿ. ಜೊತೆಗೆ ಶಾಲೆಗಳು ಅವರನ್ನು ಒಮ್ಮೆ ಬೇಗೂರಿಗೆ ಕರೆದೊಯ್ದು ಆ ಕಲ್ಲಿನ ಸಾಲುಗಳನ್ನು ಓದಿ ತೋರಿಸಲಿ.

— ಶಾಸನಾಸಕ್ತರು, ಬೆಂಗಳೂರು